ಬೇಸಿಗೆಯ ಶಾಲೆಯೂ ಉದ್ಯಮವಿದ್ಯೆಯೂ

ಬೇಸಿಗೆಯ ರಜೆಯಲ್ಲಿ, ಉಳಿದ ವಿದ್ಯಾರ್ಥಿಗಳೆಲ್ಲರೂ ತಮ್ಮ ತಮ್ಮ ಊರು ಸೇರಿರುವಾಗ, ವಿಶ್ವವಿದ್ಯಾನಿಲಯದ ಉಪನ್ಯಾಸ ಮಂದಿರದಲ್ಲಿ ನಾನಾ ದೇಶಗಳ ತರುಣ ತರುಣಿಯರು ಮೂರು ನಾಲ್ಕು ವಾರಗಳ ಕಾಲ ಕಲೆತು, ಹೊಸದೊಂದು ಉದ್ಯಮವನ್ನು ಹೇಗೆ ಕಲ್ಪಿಸಬೇಕು, ಅದಕ್ಕೆ ಬಂಡವಾಳವನ್ನು ಎಲ್ಲಿಂದ ಒದಗಿಸಬೇಕು, ಕೊಳ್ಳುವವನ ಅಗತ್ಯವನ್ನು ಹೇಗೆ ಅರಿಯಬೇಕು ಎಂಬುದನ್ನು ಅಭ್ಯಾಸ ಮಾಡುವುದು ಇಂದು ಲಂಡನ್, ಸ್ಟ್ಯಾನ್‌ಫರ್ಡ್ ಮೊದಲಾದ ವಿದ್ಯಾಕೇಂದ್ರಗಳಲ್ಲಿ ವಾಡಿಕೆಯಾಗಿ ಹೋಗಿದೆ. ಇದನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಆದರೆ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಎರಡು ಸಂಗತಿಗಳಲ್ಲಿ ಒಂದಾದರೂ ವಿಶ್ವವಿದ್ಯಾನಿಲಯದ ಅಂಗಳದೊಳಗೆ ಕಾಲಿಡಲು ಅರ್ಹವೆಂದು ಪಂಡಿತರು ಎಣಿಸಿರಲಿಲ್ಲ. ರಜೆಯೆಂದರೆ ವಿದ್ಯಾಮಂದಿರಕ್ಕೆ ಬೀಗ ಬೀಳುವ ಕಾಲ. ಉದ್ಯಮವೆಂದರೆ ಅಪ್ಪನಿಂದ ಮಗ ಅಂಗಡಿಯಲ್ಲಿ ಕುಳಿತು ಕಲಿಯತಕ್ಕದ್ದು, ಇಲ್ಲವೆ ಹುಟ್ಟಿನಿಂದಲೇ ಬರತಕ್ಕದ್ದು. ಈ ಎರಡು ನಂಬಿಕೆಗಳೂ ಹೇಗೆ ಸಡಿಲಿದುವು, ಸಡಿಲಿದ ಮೇಲೆ ಅವೆರಡೂ ಹೇಗೆ ಒಂದೇ ಬಾಗಿಲಿನಿಂದ ಒಳಗೆ ಬಂದುವು ಎಂಬ ಕಥೆ ವಿದ್ಯೆಯ ಇತಿಹಾಸದಲ್ಲಿ ಸಣ್ಣದಾದರೂ ಬಹಳ ಮನನೀಯವಾದದ್ದು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1871ರ ಬೇಸಿಗೆಯಲ್ಲಿ ಸಸ್ಯಶಾಸ್ತ್ರಜ್ಞನಾದ ಏಸ ಗ್ರೇ ಶಾಲಾ ಉಪಾಧ್ಯಾಯರಿಗಾಗಿ ಪಾಠಗಳನ್ನು ಏರ್ಪಡಿಸಿದನೆಂಬುದನ್ನು ಬೇಸಿಗೆಯ ಶಾಲೆಯ ಮೊದಲ ಹೆಜ್ಜೆಯೆಂದು ಹೇಳುವುದುಂಟು. ಆದರೆ ನನ್ನ ಮನಸ್ಸಿಗೆ ಅದಕ್ಕಿಂತ ಹೆಚ್ಚು ನಾಟಿರುವುದು ಎರಡು ವರ್ಷಗಳ ತರುವಾಯ ಅದೇ ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿ ಪೆನಿಕೀಸ್ ಎಂಬ ಸಣ್ಣ ದ್ವೀಪದಲ್ಲಿ ನಡೆಯಿಸಿದ ಶಾಲೆ. ನ್ಯೂಯಾರ್ಕಿನ ಹೊಗೆಸೊಪ್ಪಿನ ವರ್ತಕನಾದ ಜಾನ್ ಆಂಡರ್ಸನ್ ಎಂಬಾತನು ಮ್ಯಾಸಚೂಸೆಟ್ಸ್ ತೀರದ ಆ ದ್ವೀಪವನ್ನೂ ಅದರೊಡನೆ 50,000 ಡಾಲರುಗಳನ್ನೂ ಈ ಕಾರ್ಯಕ್ಕೆ ದಾನವಾಗಿ ಕೊಟ್ಟನು. 1873ರ ಜುಲೈ ತಿಂಗಳಿನಲ್ಲಿ ಸುಮಾರು ಐವತ್ತು ಮಂದಿ ಉಪಾಧ್ಯಾಯರೂ ಉಪಾಧ್ಯಾಯಿನಿಯರೂ ದೋಣಿಯಿಂದಿಳಿದಾಗ ಕಟ್ಟಡದ ಕೆಲಸ ಇನ್ನೂ ಮುಗಿದಿರಲಿಲ್ಲವಾಗಿ, ಕೊಟ್ಟಿಗೆಯಾಗಿದ್ದ ಸ್ಥಳವನ್ನೇ ಗುಡಿಸಿ ಸಾರಿಸಿ ಸಭಾಮಂದಿರವನ್ನಾಗಿ ಮಾಡಿದರು. ತೆರೆದ ಬಾಗಿಲುಗಳಿಂದ ಕಡಲಿನ ಗಾಳಿ ಬೀಸುತ್ತಿರಲು, ಸೂರಿನ ಗೂಡುಗಳಿಗೆ ಹಕ್ಕಿಗಳು ಬಂದು ಹೋಗುತ್ತಿರಲು, ಆ ವೃದ್ಧ ಪಂಡಿತನು ತನ್ನ ಶಿಷ್ಯರಿಗೆ ಪುಸ್ತಕವನ್ನು ಬದಿಗಿಟ್ಟು ಮೀನನ್ನು ನೋಡಿರೆಂದು ಬೋಧಿಸಿದನು. ಅವರು ಬಲೆಯೆಳೆದರು, ಸಿಕ್ಕಿದ ಜಲಚರಗಳನ್ನು ಬೋಗುಣಿಗಳಲ್ಲಿಟ್ಟು ಪರೀಕ್ಷಿಸಿದರು, ಕಂಡುದನ್ನು ತಾವೇ ಬರೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಗಾಸಿ ತೀರಿಕೊಂಡನು. ಇನ್ನೊಂದು ಬೇಸಿಗೆ ಕಳೆಯುವಷ್ಟರಲ್ಲಿ ಶಾಲೆ ಮುಚ್ಚಿತು. ಆದರೂ ಅಲ್ಲಿ ಕಲಿತವರಲ್ಲಿ ಒಬ್ಬನಾದ ಡೇವಿಡ್ ಸ್ಟಾರ್ ಜೋರ್ಡನ್ 1891ರಲ್ಲಿ ತೆರೆದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಪ್ರಥಮ ಅಧ್ಯಕ್ಷನಾದನೆಂಬುದನ್ನು ನೆನೆದರೆ ಎರಡು ಬೇಸಿಗೆಗಳ ಆಯುಸ್ಸು ಅಲ್ಪವೆಂದು ತೋರುವುದಿಲ್ಲ.

ಪೆನಿಕೀಸಿನ ಮರುವರ್ಷ, ಅಂದರೆ 1874ರ ಆಗಸ್ಟಿನಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಷಟಾಕ್ವ ಸರೋವರದ ದಡದ ತೋಪಿನಲ್ಲಿ ಇನ್ನೊಂದು ಸಮಾವೇಶ ನಡೆಯಿತು. ಭಾನುವಾರದ ಧರ್ಮಪಾಠಶಾಲೆಗಳ ಉಪಾಧ್ಯಾಯರಿಗೆ ಶಿಕ್ಷಣ ಕೊಡಬೇಕೆಂಬ ಉದ್ದೇಶದಿಂದ ಅದನ್ನು ಕಟ್ಟಿದವರು ಈರ್ವರು: ಒಬ್ಬನು ಪಾದ್ರಿ ಜಾನ್ ವಿನ್ಸೆಂಟ್, ಮತ್ತೊಬ್ಬನು ಲೂಯಿಸ್ ಮಿಲ್ಲರ್. ಈ ಮಿಲ್ಲರ್ ಒಹಾಯೋ ಸಂಸ್ಥಾನದ ಆಕ್ರನ್ ಪಟ್ಟಣದಲ್ಲಿ ಹುಲ್ಲು ಕೊಯ್ಯುವ ಯಂತ್ರವನ್ನು ಸುಧಾರಿಸಿ, ಕಾರ್ಖಾನೆಯನ್ನು ಕಟ್ಟಿ, ಹಣವನ್ನೂ ಹೆಸರನ್ನೂ ಗಳಿಸಿದವನು. ಥಾಮಸ್ ಎಡಿಸನ್ನನ ಎರಡನೆಯ ಪತ್ನಿಯ ತಂದೆ. ಆತನು ಸ್ವತಃ ಅಪ್ಪಟ ಉದ್ಯಮಿಯಾಗಿದ್ದರೂ ತಾನು ಕಟ್ಟಿದ ಶಾಲೆಯಲ್ಲಿ ಉದ್ಯಮವನ್ನು ಕಲಿಸಬೇಕೆಂಬ ಯೋಚನೆ ಆತನಿಗೆ ಬಂದಂತೆ ಕಾಣುವುದಿಲ್ಲ. ಇದನ್ನು ನಾನು ವಿಶೇಷವಾಗಿ ಎತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಪೆನಿಕೀಸಿಗೆ ಹೊಗೆಸೊಪ್ಪಿನ ಹಣ, ಷಟಾಕ್ವಕ್ಕೆ ಯಂತ್ರದ ಹಣ, 1892ರಲ್ಲಿ ಆರಂಭವಾದ ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ರಾಕ್‌ಫೆಲ್ಲರನ ಎಣ್ಣೆಯ ಹಣ, ಸ್ಟ್ಯಾನ್‌ಫರ್ಡಿಗೆ ಚಿನ್ನದ ಗಣಿಗಾರರಿಗೆ ಸಾಮಾನು ಮಾರಿ ಮೇಲೆ ಬಂದು ರೈಲುಮಾರ್ಗ ಹಾಕಿಸಿದ ಲೀಲಂಡ್ ಸ್ಟ್ಯಾನ್‌ಫರ್ಡನ ಹಣ: ಹೀಗೆ ವಣಿಜರ ಸಂಪತ್ತಿನಿಂದ ವಿದ್ಯಾಮಂದಿರಗಳು ಎದ್ದುವು. ಆದರೆ ಆ ಸಂಪತ್ತನ್ನು ಗಳಿಸಿಕೊಟ್ಟ ಸಾಮರ್ಥ್ಯವನ್ನು ಒಂದು ವಿದ್ಯೆಯೆಂದು ಆ ಮಂದಿರಗಳು ಬಹುಕಾಲ ಮನ್ನಿಸಲಿಲ್ಲ. ದಾನಿಗಳೂ ಹಾಗೆ ಮನ್ನಿಸಬೇಕೆಂದು ಕೇಳಲಿಲ್ಲ.

ಷಟಾಕ್ವದ ಬೇಸಿಗೆಯ ತರಗತಿಗಳಲ್ಲಿ ಹೀಬ್ರೂ ಭಾಷೆಯನ್ನು ಕಲಿಸುತ್ತಿದ್ದ ವಿಲಿಯಂ ರೇನಿ ಹಾರ್ಪರ್ ಎಂಬ ತರುಣ ವಿದ್ವಾಂಸನೇ ಮುಂದೆ ಷಿಕಾಗೋ ವಿಶ್ವವಿದ್ಯಾನಿಲಯದ ಮೊದಲ ಅಧ್ಯಕ್ಷನಾದುದು ಈ ಕಥೆಯ ಒಂದು ಮುಖ್ಯವಾದ ತಿರುವು. ಸರೋವರದ ದಡದಲ್ಲಿ ತಾನು ಕಂಡುದನ್ನು ಆತನು ವಿಶ್ವವಿದ್ಯಾನಿಲಯದ ಕಟ್ಟಳೆಯೊಳಗೆ ತಂದನು. ವರ್ಷವನ್ನು ನಾಲ್ಕು ಸಮಭಾಗಗಳಾಗಿ ಮಾಡಿ, ಬೇಸಿಗೆಯ ಭಾಗಕ್ಕೂ ಉಳಿದ ಮೂರರಷ್ಟೇ ಗೌರವವನ್ನು ಕೊಟ್ಟು, 1894ರಿಂದ ಅದನ್ನು ನಡೆಯಿಸಿದನು. ಊರೂರಿನ ಶಾಲೆಗಳಲ್ಲಿ ವರ್ಷವಿಡೀ ಪಾಠ ಹೇಳಿ, ರಜೆಯಲ್ಲಿ ಮಾತ್ರ ತಾವೇ ಶಿಷ್ಯರಾಗಬಲ್ಲವರಾಗಿದ್ದ ಉಪಾಧ್ಯಾಯರು ಅಲ್ಲಿಗೆ ಬಂದರು. ಬೇಸಿಗೆ ಬೇಸಿಗೆಗಳನ್ನು ಕೂಡಿಸಿಕೊಂಡು ಪದವಿಯನ್ನು ಪಡೆದರು. ಬೇಸಿಗೆಯ ಶಾಲೆಯ ತಿರುಳು ಇದೇ. ವರ್ಷದ ಉಳಿದ ಕಾಲದಲ್ಲಿ ಯಾರಿಗೆ ವಿಶ್ವವಿದ್ಯಾನಿಲಯದಲ್ಲಿ ಸ್ಥಳವಿರಲಿಲ್ಲವೋ, ದುಡಿಯುವವರಿಗೆ, ಸ್ತ್ರೀಯರಿಗೆ, ವಯಸ್ಸು ಮೀರಿದವರಿಗೆ, ಅವರಿಗೆ ತೆರೆದ ಬಾಗಿಲು ಅದು. ಯಾವ ವಿಷಯಗಳಿಗೆ ಪಠ್ಯಕ್ರಮದಲ್ಲಿ ಸ್ಥಳವಿರಲಿಲ್ಲವೋ ಅವಕ್ಕೂ ಅದೇ ಬಾಗಿಲು ಒಪ್ಪಿತು.

ಇಂಗ್ಲೆಂಡಿನಲ್ಲಿ ಇದಕ್ಕೆ ಸಮಾಂತರವಾಗಿ ವಿಶ್ವವಿದ್ಯಾನಿಲಯದ ಹೊರಗಿನ ಜನರಿಗೆ ಉಪನ್ಯಾಸಗಳನ್ನು ಕೊಡುವ ಪದ್ಧತಿ 1873ರಲ್ಲಿ ಕೇಂಬ್ರಿಜ್ಜಿನಿಂದ ಹೊರಟಿತ್ತು. ಷಟಾಕ್ವದ ನಿದರ್ಶನದಿಂದ ಪ್ರೇರಿತರಾಗಿ ಆಕ್ಸ್‌ಫರ್ಡಿನವರು 1888ರಲ್ಲಿ ಬೇಸಿಗೆಯ ಸಮಾವೇಶವನ್ನು ಕರೆದಾಗ ಸುಮಾರು ಒಂಬೈನೂರು ಮಂದಿ ಬಂದರು. ಆ ಕಾರ್ಯದ ಸೂತ್ರಧಾರನಾಗಿದ್ದ ಮೈಕಲ್ ಸ್ಯಾಡ್ಲರನ ಹೆಸರು ನಮಗೆ ಅಪರಿಚಿತವಲ್ಲ. 1917ರಲ್ಲಿ ನೇಮಕವಾದ ಕಲ್ಕತ್ತ ವಿಶ್ವವಿದ್ಯಾನಿಲಯದ ಆಯೋಗಕ್ಕೆ ಅಧ್ಯಕ್ಷನಾಗಿ ಬಂದವನು ಆತನೇ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪ್ಯಾಟ್ರಿಕ್ ಗೆಡ್ಡೀಸನು 1887ರಿಂದಲೇ ಬೇಸಿಗೆಯ ಕೂಟಗಳನ್ನು ನಡೆಯಿಸುತ್ತಿದ್ದನು. ಸಸ್ಯಶಾಸ್ತ್ರ, ಸಮಾಜಶಾಸ್ತ್ರ, ನಗರನಿರ್ಮಾಣಗಳನ್ನು ಒಂದೇ ದೃಷ್ಟಿಯಲ್ಲಿ ನೋಡಬಲ್ಲ ಆ ಪ್ರತಿಭಾವಂತನು ಭಾರತಕ್ಕೆ ಬಂದ ಮೇಲೂ ಆ ಅಭ್ಯಾಸವನ್ನು ಬಿಡಲಿಲ್ಲ. 1917ರಲ್ಲಿ ಡಾರ್ಜಿಲಿಂಗಿನಲ್ಲಿ ಆತನು ಏರ್ಪಡಿಸಿದ ಬೇಸಿಗೆಯ ಕೂಟದಲ್ಲಿ ರವೀಂದ್ರನಾಥ ಠಾಕೂರರೂ ಜಗದೀಶಚಂದ್ರ ಬೋಸರೂ ಭಾಗವಹಿಸಿದ್ದರು. ಹೀಗೆ ಷಟಾಕ್ವದ ತೋಪಿನ ಕಲ್ಪನೆ ಹಿಮಾಲಯದ ತಪ್ಪಲಿನವರೆಗೂ ಬಂದಿತ್ತು. ಆದರೆ ಅಲ್ಲಿಯೂ ಉದ್ಯಮದ ಮಾತು ಇನ್ನೂ ದೂರವೇ ಇತ್ತು.

ಉದ್ಯಮಿಯನ್ನು ಕುರಿತ ಶಾಸ್ತ್ರವಿಚಾರವೇನೋ ಅದಕ್ಕಿಂತ ಬಹಳ ಹಿಂದಿನದು. ಪ್ಯಾರಿಸಿನಲ್ಲಿ ಲೇವಾದೇವಿ ನಡೆಸುತ್ತಿದ್ದ ಐರ್ಲೆಂಡಿನ ರಿಚರ್ಡ್ ಕ್ಯಾಂಟಿಲಾನನು, ತನ್ನ ಮರಣಾನಂತರ 1755ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಗೊತ್ತಾದ ಬೆಲೆಗೆ ಕೊಂಡು ಗೊತ್ತಿಲ್ಲದ ಬೆಲೆಗೆ ಮಾರುವವನೇ ಉದ್ಯಮಿ ಎಂಬ ಅಭಿಪ್ರಾಯವನ್ನು ಮಂಡಿಸಿದನು. ಅವನ ತರುವಾಯ ಬಂದ ಫ್ರಾನ್ಸಿನ ಝಾನ್ ಬ್ಯಾಟಿಸ್ಟ್ ಸೇ ಎಂಬಾತನ ಜೀವನವನ್ನು ನಮ್ಮ ವಾಣಿಜ್ಯ ವಿದ್ಯಾರ್ಥಿಗಳೆಲ್ಲರೂ ತಿಳಿದಿರಬೇಕೆಂದು ನನಗೆ ಅನ್ನಿಸುತ್ತದೆ. 1803ರಲ್ಲಿ ಆತನು ಬರೆದ ಅರ್ಥಶಾಸ್ತ್ರದ ಗ್ರಂಥ ನೆಪೋಲಿಯನ್ನನಿಗೆ ರುಚಿಸಲಿಲ್ಲ. ತಿದ್ದಿ ಬರೆಯೆಂದಾಗ ಸೇ ಒಪ್ಪಲಿಲ್ಲ. ಒಪ್ಪದ್ದರಿಂದ ಹುದ್ದೆ ಹೋಯಿತು. ಆಗ ಆತನು ಪ್ಯಾರಿಸಿನ ಶಿಲ್ಪವಿದ್ಯಾ ಸಂಗ್ರಹಾಲಯಕ್ಕೆ ಹೋಗಿ, ಅಲ್ಲಿ ಇರಿಸಿದ್ದ ನೂಲುವ ಯಂತ್ರಗಳ ಮುಂದೆ ನಿಂತು, ತನ್ನ ಎಳೆಯ ಮಗನನ್ನು ಸಹಾಯಕ್ಕಿಟ್ಟುಕೊಂಡು, ಅವನ್ನು ನಡೆಸುವ ಕ್ರಮವನ್ನು ಕೈಯಾರೆ ಕಲಿತು, ಉತ್ತರ ಫ್ರಾನ್ಸಿನ ಓಷಿ ಎಂಬ ಊರಿನ ಹಳೆಯ ಕ್ರೈಸ್ತ ಮಠದ ಕಟ್ಟಡದಲ್ಲಿ ಹತ್ತಿಯ ಗಿರಣಿಯನ್ನು ಸ್ಥಾಪಿಸಿದನು. ನೆಪೋಲಿಯನ್ನನು ಪದಚ್ಯುತನಾದ ಮೇಲೆ, ತಾನು ಹಿಂದೆ ಶಿಷ್ಯನಂತೆ ಯಂತ್ರದ ಮುಂದೆ ನಿಂತಿದ್ದ ಅದೇ ಸಂಸ್ಥೆಯಲ್ಲಿ ಔದ್ಯೋಗಿಕ ಅರ್ಥಶಾಸ್ತ್ರದ ಪ್ರಾಧ್ಯಾಪಕನಾಗಿ ಬಂದು ಕುಳಿತನು. ಗ್ರಂಥವನ್ನು ಬರೆದವನೇ ಗಿರಣಿಯನ್ನೂ ನಡೆಸಿದನು, ಗಿರಣಿಯನ್ನು ನಡೆಸಿದವನೇ ಪೀಠವನ್ನೂ ಏರಿದನು. ಇಂಥ ಸಂಯೋಗ ಆಮೇಲೆ ಬಹುಕಾಲ ಒದಗಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಾಣಿಜ್ಯ ವಿದ್ಯಾಲಯಗಳು ಹುಟ್ಟಿದುವು. ಫಿಲಡೆಲ್ಫಿಯದ ವಾರ್ಟನ್ ಶಾಲೆ 1881ರದು, ಹಾರ್ವರ್ಡಿನ ವ್ಯಾಪಾರ ವಿದ್ಯಾಲಯ 1908ರದು. ಆದರೆ ಅಲ್ಲಿ ಕಲಿಸುತ್ತಿದ್ದುದು ಇರುವ ಸಂಸ್ಥೆಯನ್ನು ಅಚ್ಚುಕಟ್ಟಾಗಿ ನಡೆಸುವ ವಿದ್ಯೆ; ಇಲ್ಲದ ಸಂಸ್ಥೆಯನ್ನು ಹುಟ್ಟಿಸುವ ವಿದ್ಯೆಯಲ್ಲ. ದೊಡ್ಡ ರೈಲು ಕಂಪನಿಗಳಿಗೂ ಬ್ಯಾಂಕುಗಳಿಗೂ ಬೇಕಾದುದು ವ್ಯವಸ್ಥಾಪಕರೇ ಹೊರತು ಹೊಸಬರಲ್ಲ. ಉದ್ಯಮಿಯೆಂಬವನು ವಸ್ತುಗಳನ್ನೂ ಶಕ್ತಿಗಳನ್ನೂ ಹೊಸ ರೀತಿಯಲ್ಲಿ ಸಂಯೋಜಿಸಿ ಆರ್ಥಿಕ ಜೀವನದ ಗತಿಯನ್ನೇ ಬದಲಿಸುವವನೆಂದು 1911ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಪ್ರತಿಪಾದಿಸಿದ ಜೋಸೆಫ್ ಷುಂಪೀಟರ್, 1932ರಲ್ಲಿ ಹಾರ್ವರ್ಡಿಗೆ ಬಂದು ನೆಲೆಸಿದನು. ಆತನ ಪ್ರಭಾವದಿಂದ 1948ರಲ್ಲಿ ಅಲ್ಲಿ ಉದ್ಯಮಶೀಲತೆಯ ಇತಿಹಾಸವನ್ನು ಸಂಶೋಧಿಸುವ ಕೇಂದ್ರವೊಂದು ಸ್ಥಾಪಿತವಾಗಿ ಹತ್ತು ವರ್ಷ ನಡೆಯಿತು. ಅದು ಸತ್ತವರ ಉದ್ಯಮಗಳನ್ನು ಶೋಧಿಸುವ ಕೇಂದ್ರ. ಅದರ ಬೆಲೆಯನ್ನು ನಾನು ಕಡಮೆ ಮಾಡಲಾರೆ. ಬದುಕಿರುವವರಿಗೆ ಉದ್ಯಮವನ್ನು ಕಲಿಸುವ ಕೆಲಸ ಮಾತ್ರ ಅದಕ್ಕೆ ಒಂದು ವರ್ಷ ಮೊದಲೇ, ಅದೇ ಊರಿನಲ್ಲಿ, ಬೇರೆ ಒತ್ತಾಯದಿಂದ ಆರಂಭವಾಗಿತ್ತು.

ಆ ಒತ್ತಾಯವೆಂದರೆ ಯುದ್ಧದ ಮುಕ್ತಾಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳು ಬೇಸಿಗೆಯ ರಜೆಯನ್ನು ಬಿಟ್ಟು ವರ್ಷವಿಡೀ ಪಾಠ ನಡೆಸುವ ಅಭ್ಯಾಸವನ್ನು ಮಾಡಿಕೊಂಡಿದ್ದುವು. ಯುದ್ಧದಿಂದ ಮರಳಿದವರ ಓದಿಗೆ ನೆರವು ನೀಡುವ 1944ರ ಶಾಸನದ ಸಹಾಯದಿಂದ ಓದಲು ಬಂದ ಯೋಧರು ಸಾಮಾನ್ಯ ವಿದ್ಯಾರ್ಥಿಗಳಂತಿರಲಿಲ್ಲ. ವಯಸ್ಸಾದವರು, ಹೆಂಡತಿ ಮಕ್ಕಳುಳ್ಳವರು, ಜೀವವನ್ನು ಪಣವಾಗಿಟ್ಟು ನಿರ್ಧಾರಗಳನ್ನು ಮಾಡಿದವರು. ಇನ್ನೊಬ್ಬನ ಕೈಕೆಳಗೆ ಮೇಜಿನ ಮುಂದೆ ಕುಳಿತು ಕಾಲ ಕಳೆಯುವುದಕ್ಕಿಂತ ತಮ್ಮದೇ ಒಂದು ಕಸುಬನ್ನು ಹೂಡಬೇಕೆಂಬ ಆಸೆ ಅವರಲ್ಲಿ ಅನೇಕರಿಗಿತ್ತು. ಹಾರ್ವರ್ಡಿನಲ್ಲಿ ಮೈಲ್ಸ್ ಮೇಸ್ ಎಂಬ ಅಧ್ಯಾಪಕನು 1947ರ ಫೆಬ್ರವರಿಯಲ್ಲಿ ನೂತನ ಉದ್ಯಮಗಳ ನಿರ್ವಹಣವೆಂಬ ಪಾಠಕ್ರಮವನ್ನು ತೆರೆದಾಗ 188 ಮಂದಿ ಸೇರಿದರು. ಉದ್ಯಮಶೀಲತೆಯ ವಿಷಯದಲ್ಲಿ ಅಮೆರಿಕದ ವ್ಯಾಪಾರ ವಿದ್ಯಾಲಯಗಳಲ್ಲಿ ನಡೆದ ಮೊದಲ ಪಾಠಕ್ರಮವೆಂದು ಇತಿಹಾಸಕಾರರು ಇದನ್ನು ಗಣಿಸುತ್ತಾರೆ. ಅದೇ ವಿದ್ಯಾಲಯದ ಜಾರ್ಜ್ ಡೋರಿಯೋ ಎಂಬ ಅಧ್ಯಾಪಕನು 1946ರಲ್ಲಿ ಹೊಸ ಉದ್ಯಮಗಳಿಗೆ ಬಂಡವಾಳ ಹೂಡುವ ಸಂಸ್ಥೆಯನ್ನು ಕಟ್ಟಿ, 1957ರಲ್ಲಿ ಇಬ್ಬರು ಎಂಜಿನಿಯರುಗಳಿಗೆ 70,000 ಡಾಲರು ಕೊಟ್ಟು ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಪ್ರಸಿದ್ಧ ಕಂಪ್ಯೂಟರ್ ಸಂಸ್ಥೆಯ ಜನ್ಮಕ್ಕೆ ಕಾರಣನಾದನು. ಬೋಧಿಸುವವನೇ ಬಂಡವಾಳವನ್ನೂ ಹೂಡಿದುದು ಸೇ ಮಹಾಶಯನನ್ನು ನೆನಪಿಗೆ ತರುತ್ತದೆ. ಇಷ್ಟಾದರೂ ಈ ವಿದ್ಯೆ ಬೇಗ ಹಬ್ಬಲಿಲ್ಲ. 1970ರ ದಶಕದಲ್ಲಿ ಬ್ಯಾಬ್ಸನ್ ಕಾಲೇಜು ಮೊದಲಾದವು ಕೈಹಿಡಿಯುವವರೆಗೂ ಅದು ಪಠ್ಯಕ್ರಮದ ಅಂಚಿನಲ್ಲಿಯೇ ಉಳಿದಿತ್ತು.

ಹುಟ್ಟಿನಿಂದ ಬರುವ ಗುಣವೆಂಬ ಹಳೆಯ ನಂಬಿಕೆಯನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದ ಪ್ರಯೋಗ ಮಾತ್ರ ಹಾರ್ವರ್ಡಿನಲ್ಲಿ ನಡೆದದ್ದಲ್ಲ, ನಮ್ಮ ನೆರೆಯ ಹೈದರಾಬಾದಿನಲ್ಲಿ ನಡೆದದ್ದು ಎಂಬುದನ್ನು ಹೇಳುವಾಗ ನನ್ನ ಲೇಖನಿ ತುಸು ನಿಧಾನವಾಗುತ್ತದೆ. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್, ಸಾಧಿಸಬೇಕೆಂಬ ಹಂಬಲವೇ ಉದ್ಯಮದ ಬೇರು ಎಂದು 1961ರ ತನ್ನ ಗ್ರಂಥದಲ್ಲಿ ವಾದಿಸಿದ್ದನು. ಆ ಹಂಬಲವನ್ನು ಪ್ರಾಯಕ್ಕೆ ಬಂದವರಲ್ಲಿಯೂ ಶಿಕ್ಷಣದಿಂದ ಎಚ್ಚರಿಸಬಹುದೇ ಎಂಬ ಪ್ರಶ್ನೆಯನ್ನು ಹಿಡಿದು ಆತನೂ ಆತನ ಸಹೋದ್ಯೋಗಿಗಳೂ 1964ರಲ್ಲಿ ಆಂಧ್ರದ ಕಾಕಿನಾಡದ ವರ್ತಕರನ್ನೂ ಸಣ್ಣ ಕೈಗಾರಿಕೆಗಳವರನ್ನೂ ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಗೆ ಕರೆತಂದರು. ಕಲಿಯಲು ಬಂದವರು ಶಾಲೆಯ ಹುಡುಗರಲ್ಲ. ಅಂಗಡಿಯನ್ನೂ ಗಿರಣಿಯನ್ನೂ ಸಂಸಾರವನ್ನೂ ಕೆಲವು ದಿನಗಳ ಮಟ್ಟಿಗೆ ಬಿಟ್ಟು ಬಂದವರು. ಅವರ ಮುಂದಿಟ್ಟ ಅಭ್ಯಾಸಗಳೂ ಪುಸ್ತಕದ ಪಾಠಗಳಲ್ಲ.

ಅವುಗಳಲ್ಲಿ ಒಂದು ಬಳೆಯೆಸೆತದ ಆಟ. ನೆಲದ ಮೇಲೆ ಒಂದು ಗೂಟವನ್ನು ನಿಲ್ಲಿಸಿರುತ್ತಾರೆ. ಕೈಯಲ್ಲಿ ಹಗ್ಗದ ಬಳೆಗಳನ್ನು ಹಿಡಿದವನು ತನಗೆ ಬೇಕಾದ ದೂರದಲ್ಲಿ ನಿಂತು ಗೂಟಕ್ಕೆ ಬೀಳುವಂತೆ ಎಸೆಯಬೇಕು. ಎಲ್ಲಿ ನಿಲ್ಲಬೇಕೆಂಬುದನ್ನು ಯಾರೂ ಹೇಳುವುದಿಲ್ಲ. ಸೋಲಿಗೆ ಹೆದರುವವನು ಗೂಟದ ಪಕ್ಕದಲ್ಲಿಯೇ ನಿಂತು ಬಳೆಯನ್ನು ತೊಡಿಸಿದಂತೆ ಹಾಕುತ್ತಾನೆ. ಅದೃಷ್ಟವನ್ನು ನಂಬಿದವನು ಗೋಡೆಗೆ ಒರಗಿ ದೂರದಿಂದ ಬೀಸುತ್ತಾನೆ. ಇನ್ನೊಬ್ಬನು ಮೊದಲೆರಡು ಬಳೆಗಳನ್ನು ಎಸೆದು ನೋಡಿ, ಒಂದು ಹೆಜ್ಜೆ ಮುಂದೆಯೋ ಹಿಂದೆಯೋ ಸರಿದು, ತನ್ನ ಕೈಗೆ ಕಷ್ಟವಾಗಿಯೂ ಅಸಾಧ್ಯವಲ್ಲದ ಅಂತರವನ್ನು ಗೊತ್ತುಮಾಡಿಕೊಳ್ಳುತ್ತಾನೆ. ಮೆಕ್‌ಕ್ಲೆಲಂಡನ ಮತದಲ್ಲಿ ಈ ಮೂರನೆಯವನಲ್ಲಿ ಉದ್ಯಮಿಯ ಮನೋಧರ್ಮವಿದೆ. ಆಟ ಮುಗಿದ ಮೇಲೆ ಪ್ರತಿಯೊಬ್ಬನೂ ತಾನು ಅಲ್ಲಿಯೇ ಏಕೆ ನಿಂತೆನೆಂಬುದನ್ನು ಎಲ್ಲರೆದುರು ವಿವರಿಸುತ್ತಾನೆ, ತನ್ನ ವ್ಯಾಪಾರದಲ್ಲಿಯೂ ತಾನು ಹೀಗೆಯೇ ನಡೆದುಕೊಳ್ಳುತ್ತಿರುವೆನೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಮೆಕ್‌ಕ್ಲೆಲಂಡನೂ ಡೇವಿಡ್ ವಿಂಟರನೂ 1969ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಶಿಕ್ಷಣ ಪಡೆದವರು ಪಡೆಯದವರಿಗಿಂತ ಹೆಚ್ಚು ಚಟುವಟಿಕೆಯಿಂದ ಹೊಸ ಉದ್ಯಮಗಳಿಗೆ ಕೈಹಾಕಿದರು, ಹೆಚ್ಚು ಬಂಡವಾಳವನ್ನು ಹೂಡಿದರು, ಹೆಚ್ಚು ಜನರಿಗೆ ಕೆಲಸ ಕೊಟ್ಟರು. ಇದಕ್ಕಿಂತಲೂ ಬೆಲೆಯುಳ್ಳ ಇನ್ನೊಂದು ಫಲಿತಾಂಶ ಅದರಲ್ಲಿದೆ: ಹಳೆಯ ಆಚಾರಗಳಲ್ಲಿ ನಂಬಿಕೆಯಿಟ್ಟವರಿಗೆ ಆ ನಂಬಿಕೆ ಅಡ್ಡಿಯಾಗಲಿಲ್ಲ. ಈ ಪ್ರಯೋಗವನ್ನು ಟೀಕಿಸಿದ ಪಂಡಿತರೂ ಇದ್ದಾರೆ. ಹಂಬಲವೊಂದರಿಂದಲೇ ಸಾಲ ಹುಟ್ಟುವುದಿಲ್ಲ, ಮಾರುಕಟ್ಟೆ ತೆರೆಯುವುದಿಲ್ಲವೆಂಬ ಅವರ ಮಾತು ಸತ್ಯ. ಆದರೂ ಕುಲದಿಂದಲೇ ವ್ಯಾಪಾರವೆಂಬ ಮಾತನ್ನು ಇನ್ನು ಮೇಲೆ ಯಾರೂ ನಿಶ್ಚಿಂತೆಯಿಂದ ಆಡಲಾಗದಂತೆ ಅದು ಮಾಡಿತು. 1970ರಲ್ಲಿ ಗುಜರಾತಿನಲ್ಲಿ ಸರಕಾರದ ಉದ್ಯಮ ಸಂಸ್ಥೆಗಳು ಉದ್ಯಮಶೀಲತಾ ತರಬೇತಿಯನ್ನು ಆರಂಭಿಸಿದುವು. 1983ರಲ್ಲಿ ಅಹಮದಾಬಾದಿನಲ್ಲಿ ಅದಕ್ಕೆಂದೇ ರಾಷ್ಟ್ರೀಯ ಸಂಸ್ಥೆಯೊಂದು ನಿಂತಿತು.

ನಮ್ಮ ನಾಡಿನಲ್ಲಿ ಈ ವಿಚಾರಕ್ಕೆ ಹಿನ್ನೆಲೆ ಇರಲಿಲ್ಲವೆಂದಲ್ಲ. 1911ರಲ್ಲಿ ಮೈಸೂರಿನಲ್ಲಿ ಏರ್ಪಟ್ಟ ಆರ್ಥಿಕ ಸಮ್ಮೇಳನವು ಅಧಿಕಾರಿಗಳನ್ನೂ ವರ್ತಕರನ್ನೂ ಬೇಸಾಯಗಾರರನ್ನೂ ಒಂದೆಡೆ ಕೂರಿಸಿ, ಶಿಕ್ಷಣ, ವ್ಯವಸಾಯ, ಕೈಗಾರಿಕೆ ವಾಣಿಜ್ಯಗಳಿಗೆ ಸಮಿತಿಗಳನ್ನು ಮಾಡಿತು. ಅದರ ಪ್ರೇರಕಶಕ್ತಿಯಾಗಿದ್ದ ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ 1913ರಲ್ಲಿ ಮೈಸೂರು ಬ್ಯಾಂಕೂ 1916ರಲ್ಲಿ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ವಿದ್ಯೆ, ಬಂಡವಾಳ, ಕೈಗಾರಿಕೆ ಈ ಮೂರನ್ನೂ ಒಂದೇ ಯೋಜನೆಯ ಅಂಗಗಳೆಂದು ಅವರು ಭಾವಿಸಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಅತ್ತ ಕರಾವಳಿಯಿಂದ ಮುಂಬಯಿಗೆ ಹೋಗಿ, ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತಟ್ಟೆ ತೊಳೆದು, ಸಂಜೆಯ ಮೇಲೆ ಕನ್ನಡ ಸಂಘಗಳವರು ನಡೆಸುತ್ತಿದ್ದ ರಾತ್ರಿಶಾಲೆಗಳಲ್ಲಿ ಓದಿ, ಕ್ರಮೇಣ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಹುಡುಗರ ಕಥೆ ನಮ್ಮಲ್ಲಿ ಮನೆಮಾತು. ಅವರಿಗೆ ಬೇಸಿಗೆಯ ರಜೆಯೆಂಬುದೇ ಇರಲಿಲ್ಲ. ದಿನದ ಕೊನೆಯ ಎರಡು ಗಂಟೆಯೇ ಅವರ ರಜೆ, ಅದೇ ಅವರ ವಿದ್ಯಾನಿಲಯ. ಷಿಕಾಗೋದ ಬೇಸಿಗೆಗೆ ಬಂದ ಉಪಾಧ್ಯಾಯರಿಗೂ ಇವರಿಗೂ ನಾನು ಭೇದವನ್ನು ಕಾಣಲಾರೆ.

ಉದ್ಯಮವನ್ನು ಕಲಿಸಬಹುದೆಂಬ ವಿಚಾರಕ್ಕೆ ಈ ಎಲ್ಲವುಗಳಿಗಿಂತ ಪೂರ್ಣವಾದ ರೂಪ ದೊರೆತದ್ದು 1982ರಲ್ಲಿ, ದಕ್ಷಿಣ ಕನ್ನಡದ ಉಜಿರೆಯಲ್ಲಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಅಲ್ಲಿಯ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಈ ಮೂರೂ ಸೇರಿ ಕಟ್ಟಿದ ಸಂಸ್ಥೆಯನ್ನು ಜನ ರುಡ್‌ಸೆಟ್ ಎಂದು ಕರೆಯುತ್ತಾರೆ. ಹಳ್ಳಿಯ ನಿರುದ್ಯೋಗಿ ತರುಣ ತರುಣಿಯರಿಗೆ ಊಟ ವಸತಿಗಳನ್ನು ಉಚಿತವಾಗಿ ಕೊಟ್ಟು, ಕೆಲವು ವಾರಗಳ ಕಾಲ ಅಲ್ಲಿಯೇ ಇರಿಸಿಕೊಂಡು, ಕಸುಬಿನ ಕೌಶಲವನ್ನೂ ಲೆಕ್ಕಪತ್ರವನ್ನೂ ಮಾರುಕಟ್ಟೆಯನ್ನು ಸುತ್ತಿ ವಿಚಾರಿಸುವ ಕ್ರಮವನ್ನೂ ಕಲಿಸುತ್ತಾರೆ. ಸಾಧನೆಯ ಹಂಬಲವನ್ನು ಎಚ್ಚರಿಸುವ ಆಟಗಳೂ ಅಲ್ಲಿ ಉಂಟು. ಮೋಟಾರು ರಿಪೇರಿ, ಹೊಲಿಗೆ, ಹೈನುಗಾರಿಕೆ ಇಂಥವೇ ಅಲ್ಲಿಯ ಪಾಠದ ವಿಷಯಗಳು. ತರಬೇತಿ ಮುಗಿದ ಮೇಲೆ ಎರಡು ವರ್ಷಗಳವರೆಗೆ ಸಂಸ್ಥೆಯವರು ಆ ಶಿಷ್ಯನನ್ನು ಬಿಡುವುದಿಲ್ಲ. ಬ್ಯಾಂಕಿನ ಸಾಲ ದೊರೆಯಿತೇ, ಅಂಗಡಿ ತೆರೆಯಿತೇ, ಕಂತು ಕಟ್ಟುತ್ತಿರುವನೇ ಎಂದು ವಿಚಾರಿಸುತ್ತಲೇ ಇರುತ್ತಾರೆ. ಈ ಮಾದರಿಯನ್ನೇ ಮುಂದೆ ಭಾರತ ಸರಕಾರ ಸ್ವೀಕರಿಸಿ, ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಇಂಥ ಸಂಸ್ಥೆಗಳನ್ನು ತೆರೆಯುವ ಯೋಜನೆಯನ್ನು ಹಮ್ಮಿಕೊಂಡಿತು.

ಇನ್ನು ಇಂದಿನ ವಿಶ್ವವಿದ್ಯಾನಿಲಯಗಳ ಬೇಸಿಗೆಯ ಶಾಲೆಗಳನ್ನು ಕುರಿತು ಎರಡು ಮಾತು. ಲಂಡನ್ನಿನ ಅರ್ಥಶಾಸ್ತ್ರ ವಿದ್ಯಾಲಯದ ಬೇಸಿಗೆಯ ಶಾಲೆ 1989ರಲ್ಲಿ ಆರಂಭವಾಯಿತು. ಮೂರು ಮೂರು ವಾರಗಳ ಅದರ ಪಾಠಕ್ರಮಗಳಲ್ಲಿ ಉದ್ಯಮಶೀಲತೆಯೂ ಒಂದಾಗಿ ಸೇರಿದೆ. ಸ್ಟ್ಯಾನ್‌ಫರ್ಡಿನ ವ್ಯಾಪಾರ ವಿದ್ಯಾಲಯವು ವಿಜ್ಞಾನ, ವೈದ್ಯ, ಎಂಜಿನಿಯರಿಂಗ್ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳಿಗಾಗಿ ಬೇಸಿಗೆಯಲ್ಲಿ ನಾಲ್ಕು ವಾರಗಳ ಉದ್ಯಮಶಿಕ್ಷಣವನ್ನು ಏರ್ಪಡಿಸಿತು. ಅದೇ ಶಿಕ್ಷಣ ಸ್ಟ್ಯಾನ್‌ಫರ್ಡ್ ಇಗ್ನೈಟ್ ಎಂಬ ಹೆಸರಿನಿಂದ ಬೆಂಗಳೂರಿಗೂ ಬಂದಿತು. ಇಂಥ ಶಾಲೆಗಳ ಕ್ರಮ ಸಾಮಾನ್ಯವಾಗಿ ಹೀಗೆ: ಬೇರೆ ಬೇರೆ ಶಾಸ್ತ್ರಗಳನ್ನು ಓದಿದ ನಾಲ್ಕೈದು ಮಂದಿಯ ತಂಡಗಳನ್ನು ಮಾಡುತ್ತಾರೆ, ಬೆಳಗ್ಗೆ ಉಪನ್ಯಾಸ, ಮಧ್ಯಾಹ್ನ ತಂಡದ ಕೆಲಸ, ಕಡೆಯ ದಿನ ಬಂಡವಾಳಗಾರರ ಮುಂದೆ ಯೋಜನೆಯ ನಿರೂಪಣೆ. ವಾಣಿಜ್ಯದ ವಿದ್ಯಾರ್ಥಿಯಲ್ಲದವನಿಗೆ, ತನ್ನ ವಿಭಾಗದ ಗೋಡೆಯನ್ನು ದಾಟಿ ಇದನ್ನು ಕಲಿಯಲು, ವರ್ಷದಲ್ಲಿ ಬೇಸಿಗೆಯೊಂದೇ ಅನುಕೂಲವಾದ ಕಾಲ. ಉದ್ಯಮವಿದ್ಯೆ ಬೇಸಿಗೆಯ ಶಾಲೆಯಲ್ಲಿ ಇಷ್ಟು ಸುಲಭವಾಗಿ ನೆಲೆಗೊಂಡುದಕ್ಕೆ ಮುಖ್ಯ ಕಾರಣ ಇದೇ ಎಂದು ನನ್ನ ಭಾವನೆ.

2011ರ ಆರಂಭದಲ್ಲಿ ಸ್ಟ್ಯಾನ್‌ಫರ್ಡಿನ ಎಂಜಿನಿಯರಿಂಗ್ ವಿದ್ಯಾಲಯದಲ್ಲಿ ಸ್ಟೀವ್ ಬ್ಲಾಂಕ್ ಎಂಬ ಹಳೆಯ ಉದ್ಯಮಿಯು ಕಲಿಸತೊಡಗಿದ ಕ್ರಮ ಈ ಶಾಲೆಗಳಲ್ಲಿ ಈಗ ಬಹಳ ಹಬ್ಬಿದೆ. ಯೋಜನೆಯನ್ನು ಕೊಠಡಿಯಲ್ಲಿ ಕುಳಿತು ಬರೆಯಬೇಡಿ, ಹೊರಗೆ ಹೋಗಿ ಕೊಳ್ಳುವವರನ್ನು ಕಂಡು ಮಾತಾಡಿಸಿರಿ, ಅವರು ಹೇಳಿದುದನ್ನು ತಂದು ನಿಮ್ಮ ಊಹೆಯನ್ನು ತಿದ್ದಿಕೊಳ್ಳಿರಿ ಎಂಬುದು ಅದರ ಸಾರ. ಮೀನನ್ನು ನೋಡಲು ಶಿಷ್ಯರನ್ನು ಕಡಲಿಗೆ ಕರೆದೊಯ್ದ ಅಗಾಸಿಯ ಕ್ರಮವೂ ಇದೇ, ನೂಲುವ ಯಂತ್ರದ ಮುಂದೆ ನಿಂತ ಸೇ ಹಿಡಿದ ದಾರಿಯೂ ಇದೇ. ಕೈಯಾರೆ ಮಾಡಿಸಿದಲ್ಲಿ ಈ ವಿದ್ಯೆ ಹತ್ತಿದೆ, ಬರಿಯ ಮಾತಿನಲ್ಲಿ ಹೇಳಿದಲ್ಲಿ ಹತ್ತಿಲ್ಲ. ಆದರೆ ಮೂರು ವಾರಗಳ ಶಾಲೆಗೆ ಒಂದು ಅಪಾಯವಿದೆಯೆಂಬುದನ್ನು ಮರೆಮಾಡಬಾರದು. ಕಡೆಯ ದಿನದ ಹತ್ತು ನಿಮಿಷದ ನಿರೂಪಣೆಯೇ ಗುರಿಯಾಗಿಬಿಟ್ಟರೆ, ಸೊಗಸಾಗಿ ಮಾತಾಡಿದವನು ಗೆದ್ದಂತಾಗಿ, ಚಪ್ಪಾಳೆಯೊಡನೆ ಉದ್ಯಮವೂ ಮುಗಿಯುತ್ತದೆ. ಶುಲ್ಕವೂ ಹೆಚ್ಚಾದುದರಿಂದ, ದುಡಿಯುವವರಿಗೆಂದು ಹುಟ್ಟಿದ ಬೇಸಿಗೆಯ ಶಾಲೆ ಉಳ್ಳವರ ಮಕ್ಕಳ ವಿಹಾರವಾಗುವ ಸಂಭವವೂ ಇದೆ. ಈ ದೃಷ್ಟಿಯಿಂದ ನೋಡಿದರೆ, ವಿಶ್ವವಿದ್ಯಾನಿಲಯವಲ್ಲದ ಉಜಿರೆಯ ಸಂಸ್ಥೆಯು ಶುಲ್ಕವಿಲ್ಲದೆ ಕಲಿಸಿ, ಕಲಿಸಿದ ಮೇಲೆ ಎರಡು ವರ್ಷ ಬೆನ್ನ ಹಿಂದೆ ನಿಲ್ಲುವುದು ಬೇಸಿಗೆಯ ಶಾಲೆಯ ಮೂಲಧರ್ಮಕ್ಕೆ ಹೆಚ್ಚು ಹತ್ತಿರವಾಗಿದೆಯೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ನಮ್ಮ ವಿಶ್ವವಿದ್ಯಾನಿಲಯಗಳ ಆಡಳಿತವನ್ನು ಹೊತ್ತ ಮಹನೀಯರಲ್ಲಿ ನನ್ನದೊಂದು ಬಿನ್ನಹವಿದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಪ್ರಯೋಗಶಾಲೆಗಳೂ ಗ್ರಂಥಭಂಡಾರಗಳೂ ವಿದ್ಯಾರ್ಥಿನಿಲಯಗಳೂ ಬಹುಮಟ್ಟಿಗೆ ಬರಿದಾಗಿರುತ್ತವೆ. ಅದರಲ್ಲಿ ಆರು ವಾರಗಳನ್ನು ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರ ಮಕ್ಕಳಿಗೂ, ಇಳಕಲ್ಲಿನ ಮಗ್ಗದವರಿಗೂ, ಹಳ್ಳಿಯಲ್ಲಿ ಹಾಲಿನ ಸಂಘ ನಡೆಸುವ ಹೆಣ್ಣುಮಕ್ಕಳಿಗೂ, ಪದವಿಯನ್ನು ಪಡೆದು ಕೆಲಸವಿಲ್ಲದೆ ಮನೆಯಲ್ಲಿ ಕುಳಿತವರಿಗೂ ತೆರೆದುಕೊಡಿ. ಪಾಠವನ್ನು ಕನ್ನಡದಲ್ಲಿ ಹೇಳಿ. ಅಧ್ಯಾಪಕನೊಬ್ಬನ ಜೊತೆಗೆ ಪೇಟೆಯಲ್ಲಿ ಲಾಭನಷ್ಟಗಳನ್ನು ಕಂಡ ಒಬ್ಬ ಅನುಭವಸ್ಥನನ್ನೂ, ಸಾಲದ ಅರ್ಜಿಯನ್ನು ಅಲ್ಲಿಯೇ ಓದಿ ನೋಡಬಲ್ಲ ಬ್ಯಾಂಕಿನ ಒಬ್ಬ ಅಧಿಕಾರಿಯನ್ನೂ ಕೂರಿಸಿ. ವೇಳಾಪಟ್ಟಿಯನ್ನು ಅಚ್ಚು ಹಾಕಿಸುವಾಗ ಆ ಆರು ವಾರಗಳ ಕೆಳಗೆ, ಮುಂದಿನ ಎರಡು ವರ್ಷಗಳಲ್ಲಿ ಶಿಷ್ಯರ ಅಂಗಡಿಗಳಿಗೆ ಯಾರು, ಯಾವ ತಿಂಗಳು, ಹೋಗಿ ನೋಡುವರೆಂಬುದನ್ನೂ ತಪ್ಪದೆ ಬರೆಯಿಸಿ.